ಬಾಗಿಲ ಹಿಂದಿನ ಹುರುಳಿ ಸಾರು

ಇಂಗ್ಲಿಷಿನವರು ಯಾವ ಪ್ರಶ್ನೆಗೂ ನೇರವಾಗಿ ಉತ್ತರ ಕೊಡುವುದು ನನಗೆ ಬಹಳ ದಿನದ ಕುತೂಹಲ. ಎರಡು ಪದಾರ್ಥ ಮುಂದಿಟ್ಟರೆ ಇದಕ್ಕಿಂತ ಅದೇ ಇಷ್ಟ ಎಂದುಬಿಡುತ್ತಾರಂತೆ. ಅದರಿಂದ ಯಾರ ಮುಖವೂ ಬಾಡುವುದಿಲ್ಲವಂತೆ. ಮಧುಗಿರಿಯ ಶಾಲೆಯಲ್ಲಿ ನಾನು ಕಲಿಸುವುದೂ ಇದನ್ನೇ. ‘ಪ್ರಿಫರ್’ ಆದಮೇಲೆ ‘ಟು’ ಬರಬೇಕು, ‘ದ್ಯಾನ್’ ಬರಕೂಡದು ಎಂದು ಕಾಫಿ-ಟೀ, ಎತ್ತು-ಕುದುರೆಗಳ ಉದಾಹರಣೆ ಕೊಟ್ಟು ಕೊಟ್ಟು ನನ್ನ ನಾಲಿಗೆಗೇ ಆ ಜಾಡು ಬಿದ್ದುಹೋಗಿತ್ತು. ನಮ್ಮ ಕಡೆ ಹಾಗಲ್ಲ. ಏನು ಬೇಕೆಂದು ಕೇಳಿದರೆ "ಯಾವುದಾದರೂ ಆದೀತು" ಎನ್ನಬೇಕು; ಕೇಳಿದವರು ಆಗಲೇ ಒಂದನ್ನು ಮನಸ್ಸಿನಲ್ಲಿ ಬಡಿಸಿಬಿಟ್ಟಿರುತ್ತಾರೆ.

ಯುದ್ಧದ ಕಾಲ; ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ನನ್ನ ಹೆಂಡತಿ ಗಿರಿಜೆಯ ಎರಡನೆಯ ಹೆರಿಗೆಗೆಂದು ಅತ್ತೆ ತೋವಿನಕೆರೆಯಿಂದ ಬಂದಿದ್ದರು. ಅವರು ಅಳಿಯನ ಎದುರಿಗೆ ಬರುವವರಲ್ಲ, ನೇರ ಮಾತಾಡುವವರೂ ಅಲ್ಲ. ಅಡಿಗೆಮನೆಯ ಬಾಗಿಲ ಹಿಂದೆ ನಿಂತು, "ಗಿರಿಜಾ, ಅಳಿಯಂದ್ರಿಗೆ ಇನ್ನೊಂದು ಮುದ್ದೆ ಬೇಕಾ ಕೇಳವ್ವ" ಎನ್ನುವರು. ಆಚೆಯೇ ಕೂತ ನನಗೆ ಅದು ಕೇಳಿಸಿದರೂ ಕೇಳಿಸದ ಹಾಗೆ. ನನ್ನ ಉತ್ತರ ಅವರಿಗೂ ಹಾಗೆಯೇ. ನಡುವೆ ಗಿರಿಜೆ. ನಾನು "ಉಪ್ಪು ಜಾಸ್ತಿ" ಎಂದದ್ದು ಬಾಗಿಲು ದಾಟುವಾಗ "ಬೋ ಚೆನ್ನಾಗೈತಂತೆ ಕಣವ್ವ" ಆಗುತ್ತಿತ್ತು. ಇದರಿಂದ ಎಲ್ಲರೂ ಸುಖವಾಗಿದ್ದೆವು.

ಒಂದು ಮಧ್ಯಾಹ್ನ ಗಿರಿಜೆ ಮಲಗಿದ್ದಳು. ಅತ್ತೆ ಒಳಗಿನಿಂದ ಬೆಕ್ಕನ್ನು ಕೇಳಿದರು: "ಅಳಿಯಂದ್ರಿಗೆ ಹುರುಳಿ ಸಾರು ಬಡಿಸ್ಲೋ, ಸೊಪ್ಪಿನ ಬಸ್ಸಾರು ಬಡಿಸ್ಲೋ?" ಬೆಕ್ಕು ಸುಮ್ಮನಿತ್ತು. ನಾನು ಸುಮ್ಮನಿರಲಿಲ್ಲ. "ಹುರುಳಿ ಸಾರಿಗಿಂತ ನನಗೆ ಬಸ್ಸಾರೇ ಇಷ್ಟ" ಎಂದೆ. ಹಾಗೆಂದು ನನ್ನ ನೆನಪು. ನಾನು ಮಾತೇ ಆಡಲಿಲ್ಲ, ಹುರುಳಿ ಎಂದೊಡನೆ ಮುಖ ಸಿಂಡರಿಸಿದೆ ಎಂಬುದು ಗಿರಿಜೆಯ ವಾದ. ತಾನು ಮಲಗಿದ್ದೆನೆಂಬುದು ಅವಳ ವಾದಕ್ಕೆ ಎಂದೂ ಅಡ್ಡಿಯಾಗಿಲ್ಲ. ಆ ಮನೆಯಲ್ಲಿ ಬೆಕ್ಕು ಇತ್ತೇ ಎಂಬುದೂ ಈಗ ನನಗೆ ಅನುಮಾನ. ಬಸ್ಸಾರು ಬಂದದ್ದಂತೂ ನಿಜ. ಆ ಹುರುಳಿ ಅತ್ತೆ ತಮ್ಮ ಹೊಲದಿಂದ ನನಗಾಗಿಯೇ ಹೊತ್ತು ತಂದದ್ದೆಂದು ಆಮೇಲೆ ತಿಳಿಯಿತು. ಸಂಜೆಗೆ ಅವರ ಬಟ್ಟೆಗಂಟು ಹೊಸ್ತಿಲ ಬಳಿಗೆ ಬಂದಿತ್ತು.

"ಬೆಳಿಗ್ಗೆ ಇದ್ದಿಲು ಬಸ್ಸಿಗೆ ಅವ್ವ ಹೊಂಟೋಯ್ತಾಳಂತೆ" ಎಂದಳು ಗಿರಿಜೆ. "ನನಗೆ ದಿನ ತುಂಬೈತೆ. ನೋವು ಬಂದ್ರೆ ಹತ್ರ ಇರೋರು ಯಾರು? ನಿಮ್ಮ ಇಂಗ್ಲೀಷಾ?"

ನಾನು ಬಾಗಿಲ ಬಳಿ ಹೋಗಿ "ಕ್ಷಮಿಸಬೇಕು" ಎಂದೆ. ಒಳಗೆ ಪಾತ್ರೆಯ ಸದ್ದು ನಿಂತಿತು. "ಇದೇನೇ ಗಿರಿಜಾ! ನಾನೇನು ಶಿವನಾ ಕ್ಷಮ್ಸಕ್ಕೆ? ಅಳಿಯಂದ್ರು ಅಂಗೆಲ್ಲ ಅಂದ್ರೆ ನನಗೇ ಪಾಪ ಸುತ್ಕಂತದೆ. ಸುಮ್ಕಿರಕ್ಕೆ ಹೇಳು."

ಸಂಕಟದ ನಡುವೆಯೂ ನನ್ನ ಕುತೂಹಲ ಕೆರಳಿತು. ಕ್ಷಮಿಸುವವರು ಒಂದು ಮೆಟ್ಟಿಲು ಮೇಲಿರಬೇಕು; ನಮ್ಮ ಪದ್ಧತಿಯಲ್ಲಿ ಮೇಲಿರುವವನು ಅಳಿಯ. ಹಾಗಾದರೆ ಅತ್ತೆಯಾದವರಿಗೆ ಗಂಟು ಕಟ್ಟಲು ಅಪ್ಪಣೆಯುಂಟು, ಕ್ಷಮಿಸಲು ಇಲ್ಲವೆ?

ದೀಪ ಹಚ್ಚಿದ ಮೇಲೆ ಊಟಕ್ಕೆ ಕೂತೆ. ಬಾಗಿಲ ಹಿಂದಿನಿಂದ ದನಿ ಬಂತು. "ಗಿರಿಜಾ, ಎರಡು ಸಾರೂ ಐತೆ. ಯಾವ್ದು ಬೇಕಂತೆ?"

ಗಿರಿಜೆ ನನ್ನನ್ನೇ ನೋಡಿದಳು. ನಾನು "ಯಾವುದಾದರೂ ಆದೀತು" ಎಂದೆ.

"ಹುರುಳಿ ಸಾರೇ ಬೇಕಂತೆ ಕಣವ್ವ!"

ಒಳಗೆ ಬಳೆ ಸದ್ದಾಯಿತು. "ನಂಗೊತ್ತಿತ್ತು ಬುಡು. ಮಧ್ಯಾಹ್ನ ಬಿಸ್ಲಿಗೆ ಏನೋ ಅಂದವ್ರೆ."

ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಕೈ ತೊಳೆದು ಬರುವಷ್ಟರಲ್ಲಿ ಗಂಟು ಹೊಸ್ತಿಲಿನಿಂದ ಒಳಕ್ಕೆ ಹೋಗಿತ್ತು. ಹೆರಿಗೆಯೂ ಅವರ ಕೈಯಲ್ಲೇ ಸುಸೂತ್ರವಾಗಿ ಆಯಿತು. ಆ ರಾತ್ರಿಯ ಹುರುಳಿ ಸಾರು ಕ್ಷಮೆಯೋ ಶಿಕ್ಷೆಯೋ ನನಗೆ ಇಂದಿಗೂ ತಿಳಿಯದು. ಅಳಿಯಂದ್ರಿಗೆ ಹುರುಳಿ ಸಾರೆಂದರೆ ಪ್ರಾಣ ಎಂದು ತೋವಿನಕೆರೆಯಲ್ಲೆಲ್ಲ ಸುದ್ದಿಯಾಗಿ, ಆ ಕಡೆಯಿಂದ ಯಾರು ಬಂದರೂ ಒಂದು ಚೀಲ ಹುರುಳಿ ಬರುತ್ತದೆ.

ಮೊನ್ನೆ ಅಪರೂಪಕ್ಕೆ ಗಿರಿಜೆ ಬಸ್ಸಾರು ಬಡಿಸಿದಳು. ಉಂಡೆ, ಹುರುಳಿಗೆ ಒಗ್ಗಿದ ನಾಲಿಗೆಗೆ ಏನೋ ಸಪ್ಪೆ ಅನ್ನಿಸಿತು. "ಯಾಕೆ, ಏನು ಬೇಕಿತ್ತು?" ಎಂದಳು. ನಿಜ ಹೇಳುವ ಧೈರ್ಯವಾಗದೆ, ಇಂಗ್ಲಿಷ್ ಮೇಷ್ಟರಾದ ನಾನು ತಲೆ ತಗ್ಗಿಸಿ, "ಯಾವುದಾದರೂ ಆದೀತು" ಎಂದೆ.