ಎರಡು ಹೋಳಾದ ರೈಲು ಮತ್ತು ಐದನೆಯ ಹೆಸರಿನ ಕುರಿತು

ಸಂಖ್ಯೆ: ಹಪ್ರಶಾ/ರೈಲು/ಐವರು/42
ಹಗಲು ಪ್ರವಾಸ ಶಾಖೆ, ಮ್ಯೂನಿಕ್
ದಿನಾಂಕ: ಜುಲೈ 3

ಸುತ್ತೋಲೆ

ವಿಷಯ: ಶನಿವಾರದ ಹಗಲು ಪ್ರವಾಸಗಳಲ್ಲಿ ಪಾಲಿಸಬೇಕಾದ ರೈಲು ಶಿಸ್ತು ಹಾಗೂ ಶ್ರೀಮತಿ ರೋಸ್ವಿಟಾ ಕೀನ್ಲೆ ಅವರು ಜುಲೈ 12ರ ಪ್ರವಾಸಕ್ಕೆ ಬರುವುದಿಲ್ಲವೆಂದು ತಿಳಿಸಿರುವ ಬಗ್ಗೆ.

ಉಲ್ಲೇಖ: 1) ಜೂನ್ 14ರ ಘಟನೆ. 2) ಶ್ರೀಮತಿ ಕೀನ್ಲೆ ಅವರು ಕಚೇರಿಯ ಮೆಟ್ಟಿಲ ಮೇಲೆ ನೀಡಿದ ಮೌಖಿಕ ಹೇಳಿಕೆ. 3) ಈ ಶಾಖೆಯ ಹಿಂದಿನ ನಲವತ್ತೊಂದು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).

ಪ್ರಸ್ತಾವನೆ:

ಈ ಕಚೇರಿಯ ಐವರು ಸಿಬ್ಬಂದಿ ಕಳೆದ ಹನ್ನೊಂದು ವರ್ಷಗಳಿಂದ ತಿಂಗಳಿಗೊಂದು ಶನಿವಾರ, ಐವರಿಗೂ ಸೇರಿ ಒಂದೇ ಆಗಿರುವ ಗುಂಪು ಟಿಕೆಟ್ಟಿನ ಮೇಲೆ ಊರೂರಿಗೆ ಹೋಗಿ ಸಂಜೆಯೊಳಗೆ ಹಿಂದಿರುಗುತ್ತಿರುವುದು ಸರಿಯಷ್ಟೆ. ಸದರಿ ಪ್ರವಾಸಗಳ ಯೋಜನೆಯನ್ನು ಕೆಳಗೆ ಸಹಿ ಮಾಡಿರುವ ಅಧಿಕಾರಿಯೇ ರೂಪಿಸುತ್ತಿದ್ದು, ಪ್ರತಿ ಪ್ರವಾಸಕ್ಕೂ ಒಂದು ಮೂಲ ಯೋಜನೆ, ರೈಲು ತಡವಾದರೆ ಎರಡನೆಯದು, ರೈಲೇ ರದ್ದಾದರೆ ಮೂರನೆಯದು ಸಿದ್ಧವಿರುತ್ತದೆ. ಇಷ್ಟಾದರೂ ಜೂನ್ 14ರಂದು ಈ ಕೆಳಗಿನಂತೆ ನಡೆದಿರುತ್ತದೆ.

ಶ್ಲೀರ್ಸೇ ಸರೋವರಕ್ಕೆ ಹೋಗುವ ರೈಲು ಹೋಲ್ಟ್ಸ್‌ಕಿರ್ಶನ್ ನಿಲ್ದಾಣದಲ್ಲಿ ಎರಡು ಹೋಳಾಗುತ್ತದೆ. ಹಿಂದಿನ ಬೋಗಿಗಳು ಸರೋವರಕ್ಕೂ ಮುಂದಿನ ಬೋಗಿಗಳು ಲೆಂಗ್ರೀಸ್ ಊರಿಗೂ ಹೋಗುತ್ತವೆ. ಇದು ಮಕ್ಕಳಿಗೂ ಗೊತ್ತಿರುವ ವಿಚಾರ. ಐವರೂ ಸರಿಯಾಗಿ ಹಿಂದಿನ ಬೋಗಿಯಲ್ಲೇ ಕುಳಿತಿದ್ದರು. ಆದಾಗ್ಯೂ, ತಾವು ಕುಳಿತದ್ದು ಸರಿಯಾದ ಬೋಗಿಯೇ ಎಂದು ಖಚಿತಪಡಿಸಿಕೊಳ್ಳಲು ಸಹಿ ಮಾಡಿರುವ ಅಧಿಕಾರಿಯು ಐವರ ಟಿಕೆಟ್ ಹಾಗೂ ಕಡತದ ಸಮೇತ ಇಳಿದು, ಮುಂದಿನ ಬೋಗಿಯನ್ನು ಹತ್ತಿ, ಅಲ್ಲಿನ ಫಲಕವನ್ನು ಓದಿದರು. ಫಲಕದಲ್ಲಿ ಲೆಂಗ್ರೀಸ್ ಎಂದಿತ್ತು. ಅದನ್ನು ಕಡತದಲ್ಲಿ ನಮೂದಿಸುತ್ತಿರುವಾಗ ಬಾಗಿಲು ಮುಚ್ಚಿಕೊಂಡಿತು.

ಹಿಂದಿನ ಬೋಗಿಯಲ್ಲಿ ನಡೆದದ್ದನ್ನು ಕಿರಿಯ ಸಹಾಯಕ ಶ್ರೀ ಕೊರ್ಬಿನಿಯನ್ ಹಾಸ್ಲಿಂಗರ್ ಅವರು ವಿಚಾರಣೆಯಲ್ಲಿ ಹೀಗೆ ತಿಳಿಸಿರುತ್ತಾರೆ: “ಟಿಕೆಟ್ ನೋಡೋನು ಬಂದ ಸಾರ್. ನಮ್ಮ ಕೀನ್ಲೆಯಮ್ಮ ‘ಟಿಕೆಟ್ ಇದೆಯಪ್ಪಾ, ಆದ್ರೆ ಅದು ಬೇರೆ ಊರಿಗೆ ಹೋಯ್ತು’ ಅಂದ್ರು. ‘ಅದೊಂದೇ ಹೋಯ್ತಾ?’ ಅಂತ ಕೇಳ್ದ. ‘ಇಲ್ಲ, ನಮ್ಮ ಸಾಹೇಬ್ರನ್ನ ಜೊತೆಗೆ ಕಳಿಸಿದೀವಿ’ ಅಂದ್ರು. ಅವನು ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡು ಮುಂದೆ ಹೋದ. ಇದರಲ್ಲಿ ನನ್ನ ತಪ್ಪೇನೂ ಇಲ್ಲ ಸಾರ್.”

ತರುವಾಯ ಸದರಿ ನಾಲ್ವರು ಯಾವುದೇ ಯೋಜನೆಯಿಲ್ಲದೆ ಸರೋವರದ ದಂಡೆ ತಲುಪಿ, ನೀರಿನಲ್ಲಿ ಕಾಲು ಇಳಿಬಿಟ್ಟು, ಸೇಬಿನ ಕೇಕು ತಿಂದು, ಹಿಂದಿರುಗುವ ಮೂರು ರೈಲುಗಳನ್ನು ಕಣ್ಣೆದುರೇ ಬಿಟ್ಟುಕೊಟ್ಟಿರುತ್ತಾರೆ. ಹನ್ನೊಂದು ವರ್ಷಗಳಲ್ಲಿ ಇಷ್ಟು ಒಳ್ಳೆಯ ಪ್ರವಾಸ ಆಗಿರಲಿಲ್ಲವೆಂದು ನಾಲ್ವರೂ ಪ್ರತ್ಯೇಕವಾಗಿ ಹೇಳಿದ್ದು, ಹೇಳಿಕೆಗಳಲ್ಲಿ ವ್ಯತ್ಯಾಸ ಕಂಡುಬಂದಿರುವುದಿಲ್ಲ.

ಜೂನ್ 30ರಂದು ನಿವೃತ್ತರಾದ ಶ್ರೀಮತಿ ಕೀನ್ಲೆ ಅವರನ್ನು, ನಿವೃತ್ತಿಯ ನಂತರವೂ ಪ್ರವಾಸಕ್ಕೆ ಬರುವಂತೆ ಮೆಟ್ಟಿಲ ಮೇಲೆ ಕೋರಲಾಗಿ, ಅವರು ನೀಡಿದ ಉತ್ತರ: “ಹನ್ನೊಂದು ವರ್ಷದಲ್ಲಿ ಒಂದು ಸಲಾನಾದ್ರೂ ಕಾಫಿ ಪೂರ್ತಿ ಕುಡಿದಿದೀನಾ? ಬಾಯಿಗಿಡೋಷ್ಟರಲ್ಲಿ ‘ಏಳಿ ಏಳಿ, ಹನ್ನೆರಡು ನಲವತ್ತೆರಡು’ ಅಂತ ಎಬ್ಬಿಸ್ತೀರಿ. ನಿಮ್ಮ ಜೊತೆ ಎಷ್ಟೂರು ನೋಡಿದೆ ಅಂತ ಕೇಳಿದ್ರೆ, ಪ್ಲಾಟ್‌ಫಾರ್ಮ್ ನೋಡಿದೀನಿ ಅಷ್ಟೆ. ಸಾಕು ಸ್ಟೆಗ್‌ಮ್ಯೂಲರ್ ಅವರೇ. ಇನ್ನು ನಾನು ಬರಲ್ಲ.”

ಇದರಿಂದಾಗಿ ಟಿಕೆಟ್ಟಿನ ಮೇಲಿನ ಐದನೆಯ ಹೆಸರಿನ ಜಾಗ ಖಾಲಿ ಉಳಿದಿದೆ. ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ರೈಲು ನಿಂತಿರುವಾಗ ಫಲಕ ಓದಲು ಯಾರೂ ಇಳಿಯತಕ್ಕದ್ದಲ್ಲ. ಫಲಕ ಓದದೆ ಯಾರೂ ಹತ್ತತಕ್ಕದ್ದೂ ಅಲ್ಲ. ಹತ್ತಿದ ಮೇಲೆ ಅನುಮಾನ ಬಂದಲ್ಲಿ ಪಕ್ಕದಲ್ಲಿರುವವರನ್ನು ಕೇಳತಕ್ಕದ್ದು. ಅವರಿಗೂ ಗೊತ್ತಿಲ್ಲದಿದ್ದಲ್ಲಿ ಇಬ್ಬರೂ ಸೇರಿ ಅನುಮಾನಪಡತಕ್ಕದ್ದು.

2. ರೈಲು ನಿಗದಿತ ವೇಳೆಗೆ ಬಂದುಬಿಟ್ಟಲ್ಲಿ ಯಾರೂ ಗಾಬರಿಪಡಬಾರದು. ಇಂತಹ ಅಪರೂಪದ ಸಂದರ್ಭಕ್ಕಾಗಿ ನಾಲ್ಕನೆಯ ಯೋಜನೆಯನ್ನು ಸಿದ್ಧಪಡಿಸಲಾಗುತ್ತಿದೆ.

3. ಬೇಯಿಸಿದ ಮೊಟ್ಟೆಯನ್ನು ಹೋಲ್ಟ್ಸ್‌ಕಿರ್ಶನ್ ದಾಟಿದ ನಂತರವೇ ಸುಲಿಯತಕ್ಕದ್ದು. ಜೂನ್ 14ರಂದು ನಾಲ್ವರೂ ಮೊಟ್ಟೆ ಸುಲಿಯುವುದರಲ್ಲಿ ಮಗ್ನರಾಗಿದ್ದ ಕಾರಣ, ಹೊರಟಿದ್ದ ಮುಂದಿನ ಬೋಗಿಯ ಕಿಟಕಿಯಿಂದ ಕಡತ ಬೀಸುತ್ತಿದ್ದ ಅಧಿಕಾರಿಯನ್ನು ಗಮನಿಸಲಿಲ್ಲವೆಂದು ಮೂವರು ಸಮಜಾಯಿಷಿ ನೀಡಿದ್ದಾರೆ. ಶ್ರೀಮತಿ ಕೀನ್ಲೆ ಅವರು ಮಾತ್ರ “ನೋಡಿದೆ, ಟಾಟಾ ಮಾಡ್ತಿದಾರೆ ಅಂದ್ಕೊಂಡು ನಾನೂ ಮಾಡ್ದೆ” ಎಂದು ಒಪ್ಪಿಕೊಂಡಿರುತ್ತಾರೆ.

4. ಯೋಜನೆಯಿಲ್ಲದೆ ದೊರೆತ ಸಂತೋಷವು ನಿಯಮಬಾಹಿರ. ನಾಲ್ವರೂ ಒಂದು ವಾರದೊಳಗೆ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ, ಸದರಿ ಸಂತೋಷಕ್ಕೆ ಘಟನೋತ್ತರ ಮಂಜೂರಾತಿ ಪಡೆಯತಕ್ಕದ್ದು. ಕಾಲು ನೀರಿನಲ್ಲಿದ್ದ ಅವಧಿಯನ್ನು ಎಡಗಾಲು, ಬಲಗಾಲು ಎಂದು ಬೇರೆ ಬೇರೆ ತೋರಿಸತಕ್ಕದ್ದು.

5. ಅದೇ ದಿನ ಸಹಿ ಮಾಡಿರುವ ಅಧಿಕಾರಿಗೆ ಸಂತೋಷ ದೊರೆತಿರುವುದಿಲ್ಲ. ಅವರು ಲೆಂಗ್ರೀಸ್ ನಿಲ್ದಾಣದ ಬೆಂಚಿನ ಮೇಲೆ ಮೂರು ಗಂಟೆ ಕುಳಿತಿದ್ದರು. ಹಿಂದಿರುಗಿ ಸರೋವರಕ್ಕೆ ಹೋಗಲು ರೈಲುಗಳಿದ್ದವು. ಆದರೆ ತಾವೇ ತಪ್ಪಿಸಿಕೊಂಡ ಪಕ್ಷದಲ್ಲಿ ಏನು ಮಾಡಬೇಕೆಂದು ಮೂರೂ ಯೋಜನೆಗಳಲ್ಲಿ ಬರೆದಿರಲಿಲ್ಲ. ಟಿಕೆಟ್ ಐವರಿಗೆ ಮಾನ್ಯವಾಗಿತ್ತು. ಬೆಂಚಿನ ಮೇಲೆ ಒಬ್ಬರೇ ಇದ್ದರು.

6. ಕಲಂ 5 ಅನ್ನು ಸಿಬ್ಬಂದಿಯು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದುವುದನ್ನು ನಿಷೇಧಿಸಲಾಗಿದೆ.

7. ಜುಲೈ 12ರ ಪ್ರವಾಸದಲ್ಲಿ ಕಾಫಿಯನ್ನು ಪೂರ್ತಿ ಕುಡಿಯಲು ಈ ಮೂಲಕ ಅನುಮತಿ ನೀಡಲಾಗಿದೆ. ಪೂರ್ತಿ ಎಂದರೆ ಲೋಟದ ತಳ ಕಾಣುವವರೆಗೆ. ಎರಡನೆಯ ಲೋಟ ಕೇಳಿದಲ್ಲಿ ಅದನ್ನೂ ಮೊದಲನೆಯದೆಂದೇ ಪರಿಗಣಿಸಲಾಗುವುದು. ಹನ್ನೆರಡು ನಲವತ್ತೆರಡರ ರೈಲು ತನ್ನ ಪಾಡಿಗೆ ತಾನು ಹೋಗಬಹುದು.

8. ಟಿಕೆಟ್ ಇನ್ನು ಮುಂದೆ ಶ್ರೀಮತಿ ಕೀನ್ಲೆ ಅವರ ಬಳಿಯೇ ಇರತಕ್ಕದ್ದು. ಅವರು ಯಾವ ಬೋಗಿಯಲ್ಲಿ ಕೂರುತ್ತಾರೋ ಅದೇ ಸರಿಯಾದ ಬೋಗಿ.

9. ಐದನೆಯ ಜಾಗಕ್ಕೆ ಬೇರೆ ಹೆಸರಾಗಿ ಶ್ರೀ ಹಾಸ್ಲಿಂಗರ್ ಅವರು ತಮ್ಮ ಭಾವಮೈದುನನ ಹೆಸರು ಕೊಟ್ಟಿದ್ದು, ಅದನ್ನು ತಿರಸ್ಕರಿಸಲಾಗಿದೆ. ಸದರಿ ಭಾವಮೈದುನನ ಮೇಲೆ ಈ ಶಾಖೆಗೆ ಕೋಪವಿಲ್ಲ. ಅವರು ಶ್ರೀಮತಿ ಕೀನ್ಲೆ ಅಲ್ಲ, ಅಷ್ಟೆ.

10. ಶ್ರೀಮತಿ ಕೀನ್ಲೆ ಅವರಿಲ್ಲದೆ ಹೋಗಲು ಸಹಿ ಮಾಡಿರುವ ಅಧಿಕಾರಿಗೆ ಮನಸ್ಸಿಲ್ಲ ಎಂಬುದನ್ನು ಎಲ್ಲರ ಅವಗಾಹನೆಗೆ ತರಲಾಗಿದೆ. ಹನ್ನೊಂದು ವರ್ಷ ಎದುರಿನ ಸೀಟಿನಲ್ಲಿದ್ದವರನ್ನು ನೋಡುವ ಬದಲು ಗಡಿಯಾರ ನೋಡಿದ್ದು ಸದರಿ ಅಧಿಕಾರಿಯದೇ ತಪ್ಪು. ಈ ಬಗ್ಗೆ ಬೇರೆ ಯಾರನ್ನೂ ಹೊಣೆ ಮಾಡುವಂತಿಲ್ಲ.

ಈ ಆದೇಶವು ತಕ್ಷಣದಿಂದ ಜಾರಿಗೆ ಬರುತ್ತದೆ.

(ಸಹಿ)
ಆಲ್ಬಾನ್ ಸ್ಟೆಗ್‌ಮ್ಯೂಲರ್
ಶಾಖಾಧಿಕಾರಿ, ಹಗಲು ಪ್ರವಾಸ

ಪ್ರತಿಗಳು:

1. ಶ್ರೀ ಹಾಸ್ಲಿಂಗರ್ ಹಾಗೂ ಉಳಿದಿಬ್ಬರು ಪ್ರವಾಸಿಗರಿಗೆ, ಪಾಲನೆಗಾಗಿ.

2. ಶ್ರೀ ಹಾಸ್ಲಿಂಗರ್ ಅವರ ಭಾವಮೈದುನನಿಗೆ, ಮಾಹಿತಿಗಾಗಿ ಮಾತ್ರ.

3. ಸೂಚನಾ ಫಲಕಕ್ಕೆ, ಕಲಂ 5 ಮತ್ತು 10 ಅನ್ನು ಮಡಚಿ.

4. ಶ್ರೀಮತಿ ರೋಸ್ವಿಟಾ ಕೀನ್ಲೆ, ಅವರ ಮನೆಯ ವಿಳಾಸಕ್ಕೆ. ಈ ಪ್ರತಿಯನ್ನು ಅಂಚೆಗೆ ಹಾಕದೆ ಸಹಿ ಮಾಡಿರುವ ಅಧಿಕಾರಿಯೇ ಖುದ್ದಾಗಿ ತಲುಪಿಸತಕ್ಕದ್ದು. ಅವರು ಮನೆಯಲ್ಲಿಲ್ಲದಿದ್ದಲ್ಲಿ ಬಾಗಿಲ ಬಳಿ ಕಾಯತಕ್ಕದ್ದು. ಎಷ್ಟು ಹೊತ್ತು ಎಂಬುದನ್ನು ನಿಗದಿಪಡಿಸಿರುವುದಿಲ್ಲ.