ಬಾವಿಗೆಂದು ಕೊಂಡ ಆಮೆ

ಎರಡು ರೂಪಾಯಿ ಕೊಟ್ಟು ನಾನೊಂದು ಆಮೆ ಕೊಂಡೆ. ಮಾರುವವನು ಹೇಳಿದ್ದು ನಾಲ್ಕು. ಅರ್ಧಕ್ಕೆ ಇಳಿಸಿದ್ದು ನನ್ನ ಬಾಯಿ. ಯಾಕೆ ಕೊಂಡೆನೆಂದರೆ, ಬಾವಿಗೆ ಆಮೆ ಬಿಟ್ಟರೆ ನೀರು ತಿಳಿಯಾಗುತ್ತದೆಂದು ಬಂಟ್ವಾಳದಲ್ಲಿ ಹಲ್ಲು ಬಾರದವರಿಂದ ಹಿಡಿದು ಹಲ್ಲು ಬಿದ್ದವರವರೆಗೆ ಎಲ್ಲರೂ ಬಲ್ಲರು. ಅದು ಹುಳ, ಪಾಚಿ ಎಲ್ಲ ತಿನ್ನುತ್ತದಂತೆ. ತಿಂದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಈ ಪಂಡಿತರೆಲ್ಲ ಆಕಾಶ ನೋಡುತ್ತಾರೆ. ಅಂಥವರ ಮಾತು ನಂಬಿ ಕೊಳ್ಳಲು ಹೊರಟವನ ಬುದ್ಧಿಯ ಬಗ್ಗೆ ನಾನೇನೂ ಹೇಳುವುದಿಲ್ಲ.

ನನ್ನದು ಹಳೆ ಪಾತ್ರೆಯ ವ್ಯಾಪಾರ. ತಲೆಯ ಮೇಲೆ ಹೊತ್ತು ಮಾರುತ್ತಾ ಅಂಗಡಿಯವರೆಗೆ ಬಂದವನು. ಹಂಡೆಯನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತೇನೆ, ಎತ್ತಿ ತೂಕ ನೋಡುತ್ತೇನೆ, ಆಮೇಲೆ ಮುಖ ಸಿಂಡರಿಸುತ್ತೇನೆ. ಫರಂಗಿಪೇಟೆಯ ಹೊಳೆಬದಿಯಲ್ಲಿ ಬುಟ್ಟಿ ಇಟ್ಟು ಕೂತವನ ಬಳಿ ಅದೇ ಬೆಲೆಗೆ ಚಪ್ಪಟೆ ಆಮೆಗಳೂ ಇದ್ದವು, ರೊಟ್ಟಿಯ ಹಾಗೆ. ನಾನು ಬೆನ್ನು ಉಬ್ಬಿದ, ಕೈಗೆ ಭಾರವಾದದ್ದನ್ನು ತಟ್ಟಿದೆ. ಒಳ್ಳೆಯ ಸದ್ದು!

“ಯಾವುದಕ್ಕೆ ಧನಿಗಳೇ?” ಎಂದ ಅವನು.

“ಸುಮ್ಮನೆ,” ಎಂದೆ. ಅಗತ್ಯ ಹೇಳಿದರೆ ಬೆಲೆ ಏರುತ್ತದೆ. ಇಷ್ಟು ತಿಳಿಯದವನು ವ್ಯಾಪಾರಕ್ಕೆ ಇಳಿಯಬಾರದು.

ನಮ್ಮ ಬಾವಿಯಲ್ಲಿ ನೆರೆಮನೆಯ ಧರಣಪ್ಪಣ್ಣನಿಗೂ ಪಾಲುಂಟು. ಅವರು ಜೈನರು, ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಹುಳ ಸಾಯದಿರಲೆಂದು ಮತ್ತೆ ಬಾವಿಗೇ ಬಿಡುವವರು. ಅವರ ಎದುರಿಗೇ ಆಮೆಯನ್ನು ಇಳಿಸಿದೆ. ಅದು ಈಜಲಿಲ್ಲ. ಕಾಲು ಬಡಿಯಿತು, ಕತ್ತು ಎತ್ತಿತು, ಮುಳುಗಿತು, ಮತ್ತೆ ಎದ್ದಿತು.

“ಎಂಥ ಮಾರಾಯ್ರೇ ಇದು! ಅದು ಮುಳುಗ್ತಾ ಉಂಟು!” ಎಂದರು ಧರಣಪ್ಪಣ್ಣ.

“ಆಮೆ ಮುಳುಗುವುದುಂಟಾ? ಹೊಸ ಜಾಗ, ಅಭ್ಯಾಸ ಮಾಡ್ತಾ ಉಂಟು.”

“ಜೀವ ಹೋಗ್ತದೆ ಅದರದ್ದು! ಅದು ಸತ್ತರೆ ಈ ನೀರು ನಮಗೆ ಆಗುವುದಿಲ್ಲ. ಈ ಬೇಸಗೆಯಲ್ಲಿ ನೀರಿಗೆ ಎಲ್ಲಿ ಹೋಗುವ? ನಿಮ್ಮ ಅಂಗಡಿಗಾ?”

ನಾವು ವಾದಿಸುತ್ತಿದ್ದಾಗ ನನ್ನ ಹೆಂಡತಿ ಕಲ್ಯಾಣಿ ಬುಟ್ಟಿಗೆ ಕಲ್ಲು ಹಾಕಿ ಹಗ್ಗದಲ್ಲಿ ಇಳಿಸಿ, ಆಮೆಯ ಕೆಳಗೆ ತಂದು, ಮೇಲಕ್ಕೆ ಎಳೆದೇಬಿಟ್ಟಳು. ಆಮೆಯ ಮೂಗಿನಿಂದ ನೀರು ಗುಳ್ಳೆಗುಳ್ಳೆಯಾಗಿ ಬಂತು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಿತು.

“ಕಾಲು ನೋಡಿ, ಆನೆಯದ್ದರ ಹಾಗೆ! ಇದರಲ್ಲಿ ಈಜುವುದು ಹೇಗೆ? ಇದು ಗುಡ್ಡೆಯ ಆಮೆ. ನೀವು ಹಂಡೆ ಅಂತ ಕೊಂಡದ್ದಾ?” ಎಂದಳು ಕಲ್ಯಾಣಿ.

ಅದನ್ನು ಬೆಳ್ತಂಗಡಿಯಾಚೆ ಘಟ್ಟದ ಬುಡದ ಕಾಡಿಗೆ ಬಿಟ್ಟು ಬರಬೇಕೆಂದು ಧರಣಪ್ಪಣ್ಣ ಹಟ ಹಿಡಿದರು. ನನ್ನ ಮೇಲೆ ನಂಬಿಕೆಯಿಲ್ಲದೆ ಜೊತೆಗೂ ಹೊರಟರು.

ನಿಮಗೆ ನನ್ನ ಬುದ್ಧಿಮಾತು ಇಷ್ಟೆ. ಆಮೆಯ ಬೆನ್ನು ತಟ್ಟಬೇಡಿ, ಕಾಲು ನೋಡಿ. ಬೆರಳುಗಳ ನಡುವೆ ಚರ್ಮವಿದ್ದರೆ ನೀರಿನದ್ದು. ಅದಕ್ಕೂ ಉಸಿರಾಡಲು ಮೇಲೆ ಬರಬೇಕು, ಬಿಸಿಲು ಕಾಯಲು ಹತ್ತಿ ಕೂರುವ ಕಲ್ಲು ಬೇಕು. ನಮ್ಮ ಬಾವಿಗಳಲ್ಲಿ ಅದೆಲ್ಲಿದೆ? ಕಂಬದಂಥ ಕಾಲಾದರೆ ನೆಲದ್ದು. ನೆರಳು, ಸೊಪ್ಪು, ಬಿದ್ದ ಹಣ್ಣು ಅದಕ್ಕೆ ಸಾಕು, ಕಾಡಾದರೆ ಇನ್ನೂ ಒಳ್ಳೆಯದು. ಬಿಡಲು ಒಯ್ಯುವಾಗ ಬಸ್ಸಿನಲ್ಲಿ ಯಾರಾದರೂ “ಎಷ್ಟಕ್ಕೆ ಕೊಡ್ತೀರಿ?” ಎಂದು ಕೇಳಿದರೆ ಬಾಯಿ ಮುಚ್ಚಿ ಕಿಟಕಿಯ ಹೊರಗೆ ನೋಡಿ. ನಾನು “ಐದು” ಎಂದುಬಿಟ್ಟೆ. ಧರಣಪ್ಪಣ್ಣ ಪಕ್ಕದಲ್ಲೇ ಕೂತಿದ್ದರು.