ಅಪ್ಪನ ಜೀಪಿಗೆ ನಾನು ಮಾಡಿದ ಬುಶ್

ಬುಶ್ ಎಂದರೆ ಮಹಾ ಏನೂ ಅಲ್ಲ. ಜೀಪಿನ ಅಡಿಯ ಕಮಾನ್‌ಪಟ್ಟಿಯ ತುದಿಯಲ್ಲಿ, ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ, ಅಷ್ಟೆ. ಬಿ.ಎಸ್ಸಿ. ಪಾಸಾದವನಿಗೆ ಅದೂ ಒಂದು ಕೆಲಸವೇ? ಹೀಗೆಂದುಕೊಂಡೇ ನಾನು ಕೆಟ್ಟೆ!

ಅದು ಅಪ್ಪನ ಜೀಪು. ಶಹಾಬಾದ್ ಕಡೆಯ ಕಲ್ಲಿನ ಖಣಿಗಳಿಗೆ ದಿನವೂ ಹೋಗಿಬರುತ್ತಿದ್ದ ಗಟ್ಟಿಗ. ಸಂಜೆ ಊರ ತಿರುವಿನಲ್ಲಿ ಅದರ ಗುಡುಗು ಕೇಳಿದೊಡನೆ ಅವ್ವ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಮೈತುಂಬ ಬಿಳಿ ಧೂಳಿನ ಅಪ್ಪ ಕೈಕಾಲು ತೊಳೆಯುವಷ್ಟರಲ್ಲಿ ರೊಟ್ಟಿ ಉಬ್ಬಿರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಜೀಪು ನಮ್ಮ ಚಿತ್ತಾಪುರದ ಅಂಗಳದಲ್ಲಿ ನಿಂತೇ ಇತ್ತು.

"ಏನ್ರಿ, ಇದು ಜೀಪೋ, ಕೋಳಿ ಗೂಡೋ?" ಎಂದಳು ಹೆಂಡತಿ ಶಾಂತಾ. "ಅತ್ತಿಯವರನ್ನ ಇದರಾಗ ಕಾಳಗಿ ಗುಡಿಗೆ ಕರ್ಕೊಂಡು ಹೋಗಿ ಬರ್ರಿ, ಇಟ್ಕೋರಿ. ಇಲ್ಲಂದ್ರ ಗುಜರಿಗೆ ಹಾಕ್ರಿ!"

ಸವಾಲನ್ನು ಸ್ವೀಕರಿಸಲಾಯಿತು. ಮೆಹಬೂಬ್ ಮಿಸ್ತ್ರಿ ಎಂಜಿನ್ ಸರಿಮಾಡಿದ. "ಬುಶ್ ಪೂರಾ ಸವದಾವ ಸರ. ಕಲಬುರಗಿಯಿಂದ ಬರಬೇಕು, ಒಂದು ವಾರ ತಡೀರಿ" ಎಂದ.

ವಾರವೇ! ಸಿಮೆಂಟ್ ಕಾರ್ಖಾನೆಯ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರ್ ತುಂಡು ಇಲ್ಲದ ಮನೆ ನಮ್ಮ ಕಡೆ ಉಂಟೇ? ಬಚ್ಚಲಲ್ಲಿ ಹಾಸಿದ್ದನ್ನೇ ಎತ್ತಿ ತಂದು ಬಳೆ ಕೊರೆದೆ. ಬಳೆಗಳು ಸಡಿಲವಾದವು. ಬಂಡಿ ಹೂಡುವ ಮುನ್ನ ಅಚ್ಚಿಗೆ ಎಣ್ಣೆ ಹಾಕುವುದು ನಮ್ಮ ಸೀಮೆಯ ರಿವಾಜು. ಜೀಪಿಗೂ ಆ ಮರ್ಯಾದೆ ಸಲ್ಲಲಿ ಎಂದು ಎಂಜಿನ್ನಿನ ಸುಟ್ಟ ಎಣ್ಣೆಯಲ್ಲಿ ಬಳೆಗಳನ್ನು ಎರಡು ದಿನ ನೆನೆಸಿದೆ. ಅವು ಉಬ್ಬಿ ಬಿಗಿಯಾಗಿ ಕೂತವು!

"ನೋಡು, ಇದು ವಿಜ್ಞಾನ!"

ಶಾಂತಾ ಒಂದನ್ನು ಒತ್ತಿ ನೋಡಿದಳು. "ನೆನೆದ ಕಡ್ಲಿ ಆದಂಗ ಆಗ್ಯಾವಲ್ರಿ?"

"ಮೆತ್ತಗಿದ್ರ ಕುಲುಕಾಟ ಕಮ್ಮಿ," ಎಂದು ಸಿದ್ಧಾಂತ ಮಂಡಿಸಿದೆ.

ಹೊರಟೆವು. ಮುಂದೆ ಅವ್ವ, ಹಿಂದೆ ಶಾಂತಾ. ಅವ್ವ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದಳು. "ನಿಮ್ಮಪ್ಪ ಹಿಂಗೇ ಹೊಡೀತಿದ್ರು ತಮ್ಮಾ." ನನ್ನ ಎದೆಯೂ ಬಳೆಗಳಂತೆ ಉಬ್ಬಿತು.

ಇಳಿಜಾರಿನಲ್ಲಿ ಕೆಳಗಿನಿಂದ ಟಕ್ ಟಕ್ ಎಂದಿತು.

"ಏನ್ರಿ, ಹಿಂದ ರೋಡಿನ ಮ್ಯಾಲ ಕರಿ ಶಾವಿಗಿ ಬಿದ್ದಂಗ ಕಾಣ್ಲಿಕತ್ತದ!"

ಅದು ಶಾವಿಗೆಯಲ್ಲ. ನನ್ನ ವಿಜ್ಞಾನ! ಎಣ್ಣೆ ಕುಡಿದು ಮೆತ್ತಗಾದ ಬಳೆಗಳು ಎಳೆಎಳೆಯಾಗಿ ಹರಿದು ಉದುರುತ್ತಿದ್ದವು.

ಬೋಲ್ಟು ಮುರಿದು, ಅಚ್ಚು ಸರಿದು, ಜೀಪು ಬಲಕ್ಕೆ ಎಳೆಯಿತು. ಎದುರಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಹೇರಿದ ಲಾರಿ. ಸ್ಟೇರಿಂಗಿಗೆ ಜೋತುಬಿದ್ದು ಎಡಕ್ಕೆ ತಿರುಗಿಸಿದೆ. ಲಾರಿ ಅಂಗೈಯಗಲ ದೂರದಲ್ಲಿ ಹಾರ್ನ್ ಹೊಡೆಯುತ್ತ ಸರಿದುಹೋಯಿತು. ಆ ಹಾರ್ನ್ ಇಂದಿಗೂ ನನ್ನ ಕಿವಿಯಲ್ಲಿದೆ. ಜೀಪು ತೊಗರಿ ಹೊಲಕ್ಕೆ ನುಗ್ಗಿ ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ನನ್ನ ಬೆರಳುಗಳು ಮಾತ್ರ ಸ್ಟೇರಿಂಗ್ ಬಿಡಲೊಲ್ಲವು.

ಅವ್ವ ಸೆರಗು ಸರಿಮಾಡಿಕೊಂಡಳು. "ನಿಮ್ಮಪ್ಪ ಹಿಂಗ ಎಂದೂ ಹೊಡೀಲಿಲ್ಲ, ತಮ್ಮಾ." ಕೆಳಗಿಳಿದು ಬಾನೆಟ್ಟಿನ ಧೂಳನ್ನು ಸೆರಗಿನಿಂದಲೇ ಒರೆಸತೊಡಗಿದಳು.

"ಗುಜರಿಯವರಿಗೆ ನಾನೇ ಫೋನ್ ಮಾಡ್ತೀನಿ," ಎಂದೆ.

ಶಾಂತಾ ಅವ್ವನನ್ನು ನೋಡಿದಳು. ಸ್ಟೇರಿಂಗ್ ಹಿಡಿದೇ ಕೂತಿದ್ದ ನನ್ನನ್ನೂ ನೋಡಿದಳು. "ಜೀಪಿನ ತಪ್ಪೇನದರಿ? ಅದು ಇರ್ಲಿ. ನೀವು ಮಾತ್ರ ಅದಕ್ಕ ಕೈ ಹಚ್ಚಬ್ಯಾಡ್ರಿ!"

ಈಗ ಜೀಪಿಗೆ ಕಲಬುರಗಿಯ ಬುಶ್, ಶಾಂತಾಗೆ ಲೈಸೆನ್ಸ್. ಅವಳು ಓಡಿಸುತ್ತಾಳೆ, ಅವ್ವ ಮುಂದೆ ಕೂರುತ್ತಾಳೆ, ಹಿಂದಿನ ಸೀಟಿನಲ್ಲಿ ನಾನು. ಎದುರಿಗೆ ಲಾರಿ ಕಂಡಾಗಲೆಲ್ಲ ನನ್ನ ಬಲಗಾಲು ನೆಲವನ್ನು ಬಲವಾಗಿ ಒತ್ತುತ್ತದೆ. ಇಲ್ಲಿಯವರೆಗೆ ಆ ಬ್ರೇಕಿಗೆ ಜೀಪು ಒಮ್ಮೆಯೂ ನಿಂತಿಲ್ಲ!